ಕಸುಬು, ಕುಲಕಸುಬು, ಕ್ರಾಫ್ಟು

1

ಹೋದ ವರ್ಷ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಾತ್ರಿ ಹತ್ತು ಗಂಟೆಗೆ ಫೋನು ಮಾಡಿದ. ಐಚ್ಛಿಕ ಕನ್ನಡ ಓದಿದವನು, ನಮ್ಮ ಪಕ್ಕದೂರಿನ ಕೇರಿಯ ಹುಡುಗ. ‘ಸಾರ್, ಬೆಂಗಳೂರಲ್ಲಿ ಕೆಲ್ಸ ಸಿಕ್ತು. ಒಂದು ಮೈಕ್ರೋಬ್ರೂವರಿಯ ಇನ್‌ಸ್ಟಾಗ್ರಾಂ ಪೇಜಿಗೆ ಎರಡೆರಡು ಸಾಲು ಬರ್ಕೊಡೋದು. ಕನ್ನಡದಲ್ಲೂ ಬೇಕಂತೆ. ಆದ್ರೆ ಪುಸ್ತಕದ ಕನ್ನಡ ಬ್ಯಾಡ, ಹಳ್ಳಿ ಸೊಗಡು ಬೇಕಂತೆ. ಹೆಂಡದ ಮೇಲೆ ಯಾರ್ಯಾರು ಬರ್ದವ್ರೆ ಹೇಳಿ ಸಾರ್’ ಅಂದ. ನಾನು ನಕ್ಕು, ‘ಹೆಂಡ ಅಂತ ಬರೀಬಹುದೇನೋ ಅಲ್ಲಿ?’ ಎಂದು ಕೇಳಿದೆ. ‘ಇಲ್ಲ ಸಾರ್, ಆ ಪದ ಮಾತ್ರ ಬ್ಯಾಡಂತೆ. ಸೊಗಡು ಬೇಕು, ಹೆಂಡ ಬ್ಯಾಡ’ ಅಂದ.

ಫೋನಿಟ್ಟ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಯಾಕೆಂದರೆ ನಾವು ಅಂಥದೇ ಇನ್ನೊಂದು ಮಾತು ಕೇಳಿಕೊಂಡು ಬೆಳೆದವರು. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕೂಗಿದ ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಎಂಬ ಘೋಷಣೆ ಅದು. ಈ ಹುಡುಗ ಆರನೇ ತರಗತಿಯಿಂದ ಹತ್ತರವರೆಗೆ ಓದಿದ್ದು ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ. ಘೋಷಣೆಯ ಮೊದಲರ್ಧ ಸೋತಿತು, ಎರಡನೆಯರ್ಧ ಅಷ್ಟೋ ಇಷ್ಟೋ ಗೆದ್ದಿತು. ಗೆದ್ದ ಅರ್ಧದಿಂದ ಬಂದ ಹುಡುಗ ಈಗ ಸೋತ ಅರ್ಧಕ್ಕೆ ಸಾಲು ಬರೆಯುತ್ತಿದ್ದಾನೆ. ಇದನ್ನು ವ್ಯಂಗ್ಯ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನಗೆ ಅದು ಸಾಲದು ಅನ್ನಿಸಿತು.

ದಲಿತ ವಿಮರ್ಶೆಯ ವಿಶೇಷಾಂಕದಲ್ಲಿ ಬಿಯರಿನ ಪ್ರಚಾರಕ್ಕೆ ಏನು ಕೆಲಸ ಎಂದು ಹಿರಿಯರು ಕೇಳಬಹುದು. ಯಾರು ಮಾತಾಡುತ್ತಿದ್ದಾರೆ, ಯಾರ ಪರವಾಗಿ, ಯಾರ ಮೈಯನ್ನು ಅಡವಿಟ್ಟು ಎಂಬ ಪ್ರಶ್ನೆಗಳನ್ನು ನಮ್ಮ ವಿಮರ್ಶೆ ಕತೆ ಕಾದಂಬರಿಗಳಿಗೆ ಕೇಳುತ್ತ ಬಂದಿದೆ. ಆದರೆ ನನ್ನ ತರಗತಿಯ ಹುಡುಗ ಹುಡುಗಿಯರು ದಿನಕ್ಕೆ ಒಂದು ಕತೆ ಓದುವುದಿಲ್ಲ, ಫೋನಿನಲ್ಲಿ ನೂರು ಚಿತ್ರ, ನೂರು ಸಾಲು ಓದುತ್ತಾರೆ. ಚಂದ ಯಾವುದು, ಹೊಲಸು ಯಾವುದು ಎಂಬ ಸಂವೇದನೆ ರೂಪುಗೊಳ್ಳುತ್ತಿರುವುದು ಅಲ್ಲಿ. ಹಾಗಾಗಿ ಅದನ್ನೂ ಒಂದು ಪಠ್ಯವೆಂದೇ ಹಿಡಿದು ಓದುತ್ತೇನೆ.

2

ಮೊದಲು ಈ ಪಠ್ಯ ಯಾಕೆ ಹುಟ್ಟಿತು ಎಂಬುದನ್ನು ನೋಡಬೇಕು. ಮೈಕ್ರೋಬ್ರೂವರಿಯ ಬಿಯರು ಬಾಟಲಿಯ ಬಿಯರಿನ ಹಾಗಲ್ಲ. ಅಲ್ಲೇ ಸ್ಟೀಲಿನ ತೊಟ್ಟಿಗಳಲ್ಲಿ ತಯಾರಾಗಿ, ಅಲ್ಲೇ ನಲ್ಲಿಯಿಂದ ಲೋಟಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಅದನ್ನು ಪಾಶ್ಚರೀಕರಿಸುವುದಿಲ್ಲ, ಆದ್ದರಿಂದ ಬಹಳ ದಿನ ಇಟ್ಟುಕೊಳ್ಳುವ ಹಾಗೂ ಇಲ್ಲ. ಇನ್ನು ಜಾಹೀರಾತು: 1994ರ ಕೇಬಲ್ ಟೆಲಿವಿಷನ್ ನಿಯಮಗಳು ಮದ್ಯದ ಜಾಹೀರಾತನ್ನು ನೇರವಾಗಿಯೂ ಸುತ್ತುಬಳಸಿಯೂ ನಿಷೇಧಿಸಿವೆ. ದೊಡ್ಡ ಕಂಪನಿಗಳು ಸೋಡಾ, ಕುಡಿಯುವ ನೀರು, ಹಾಡಿನ ಸಿಡಿ ಎಂದು ಹೆಸರಿಟ್ಟು ಟಿವಿಯಲ್ಲಿ ಕಾಣಿಸಿಕೊಂಡವು. ಒಂದೇ ಕಟ್ಟಡದ ಬ್ರೂವರಿಗೆ ಅಷ್ಟು ದುಡ್ಡೆಲ್ಲಿ? ಅದರ ಪಾಲಿಗೆ ಉಳಿದದ್ದು ಫೋನು.

ಫೋನಿನಲ್ಲಿ ನಡೆಯುವುದು ಜಾಹೀರಾತಿನ ಹಾಗೆ ಕಾಣುವುದೂ ಇಲ್ಲ. ಬಿಯರು ಬೇಯಿಸುವವನ ಮುಖ, ಅವನ ಅಂಗೈಯಲ್ಲಿ ಹಿಡಿ ಮಾಲ್ಟು, ತೊಟ್ಟಿಯಿಂದೇಳುವ ಹಬೆ, ‘ಈ ವಾರ ಹೊಸ ಬ್ಯಾಚು, ಮುಗಿಯುವುದರೊಳಗೆ ಬನ್ನಿ’ ಎಂಬ ಕರೆ. ಮಾವಿನ ಕಾಲಕ್ಕೆ ಮಾವಿನ ಬಿಯರು. ಕ್ವಿಜ್ ರಾತ್ರಿ, ಹಾಡಿನ ರಾತ್ರಿ. ಬಂದ ಗಿರಾಕಿ ಲೋಟದ ಜೊತೆ ತನ್ನ ಚಿತ್ರ ತೆಗೆದು, ಜಾಗದ ಹೆಸರು ಸೇರಿಸಿ ತನ್ನ ಪುಟಕ್ಕೆ ಹಾಕುತ್ತಾನೆ. ಅದನ್ನೇ ಬ್ರೂವರಿ ಎತ್ತಿ ತನ್ನ ಪುಟದಲ್ಲಿ ಮೆರೆಸುತ್ತದೆ. ಗಿರಾಕಿಯೇ ಪ್ರಚಾರಕ, ಸಂಬಳವಿಲ್ಲ. ಸಾವಿರಾರು ಜನ ಹಿಂಬಾಲಿಸುವ ‘ಇನ್‌ಫ್ಲುಯೆನ್ಸರ್’ಗಳಿಗೆ ಊಟ, ಬಿಯರು, ದುಡ್ಡು. ಹಾಗೆ ಪಡೆದವರು ಅದನ್ನು ಜಾಹೀರಾತೆಂದು ಬಾಯಿಬಿಟ್ಟು ಹೇಳಬೇಕು ಎಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಕಟ್ಟಳೆ ಮಾಡಿತು. ಅದಕ್ಕೂ ಮೊದಲು ಅದು ಬರೀ ಸ್ನೇಹದ ಮಾತಿನ ಹಾಗೇ ಓಡಾಡುತ್ತಿತ್ತು.

ಅಂದರೆ ಬಿಯರು ಇದ್ದಲ್ಲೇ ಇರುತ್ತದೆ, ಅದರ ಚಿತ್ರ ಊರು ಸುತ್ತುತ್ತದೆ. ಇಲ್ಲಿ ಬಿಕರಿಯಾಗುವುದು ಕುಡಿಯುವುದಕ್ಕಿಂತ ಹೆಚ್ಚಾಗಿ, ಕುಡಿಯುತ್ತ ಕಾಣಿಸಿಕೊಳ್ಳುವುದು. ಜಾತಿ ಒಳಗೆ ಬರುವುದು ಇದೇ ಬಾಗಿಲಿನಿಂದ. ಈ ನಾಡಿನಲ್ಲಿ ಕುಡಿಯುತ್ತ ಕಾಣಿಸಿಕೊಳ್ಳುವ ಹಕ್ಕು ಯಾರಿಗಿದೆ?

3

ನಮ್ಮಪ್ಪ ಸಾರಾಯಿ ಪಾಕೀಟು ಕುಡಿಯುತ್ತಿದ್ದರು. ಪ್ಲಾಸ್ಟಿಕ್ ಪಾಕೀಟಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ, ಗೋಡೆಯ ಕಡೆ ತಿರುಗಿ ಹೀರುತ್ತಿದ್ದರು. ಆ ತಿರುಗುವುದನ್ನು ನಾನು ಮರೆತಿಲ್ಲ. ದಿನವೆಲ್ಲ ಗೌಡರ ಗದ್ದೆಯಲ್ಲಿ ಬಾಗಿದ ಬೆನ್ನು ಅಷ್ಟು ಹೊತ್ತು ಊರಿಗೆ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. 2007ರ ಜುಲೈ ಒಂದರಿಂದ ಸರ್ಕಾರ ಸಾರಾಯಿ ನಿಷೇಧಿಸಿದಾಗ ನನಗೆ ಹತ್ತು ವರ್ಷ. ಅವ್ವ, ಅವ್ವನ ಜೊತೆಯ ಹೆಂಗಸರು ಅಂಗಡಿ ಮುಂದೆ ಕೂತು ಬೈದಿದ್ದರು. ಅಂಗಡಿ ಮುಚ್ಚಿದ ದಿನ ಅವ್ವ ಪಾಯಸ ಮಾಡಿದಳು. ಆರು ತಿಂಗಳಲ್ಲಿ ಅಪ್ಪ ಅಗ್ಗದ ವಿಸ್ಕಿಗೆ ಬಂದರು. ಖರ್ಚು ಮೊದಲಿಗಿಂತ ಹೆಚ್ಚಾಯಿತು. ‘ಪಾಯಸದ ಬೆಲ್ಲ ದಂಡವಾಯ್ತು ಕಣ’ ಅಂತ ಅವ್ವ ಈಗಲೂ ಅನ್ನುತ್ತಾಳೆ.

ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. 2004ರಲ್ಲಿ ಕರಾವಳಿಯನ್ನು ಬಿಟ್ಟು ರಾಜ್ಯದಲ್ಲಿ ಸೇಂದಿ ನಿಂತಿತು. 2007ರಲ್ಲಿ ಸಾರಾಯಿ ನಿಂತಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಸುತ್ತಮುತ್ತ ಮತ್ತು ಗಡಿಯಾಚೆ ತಮಿಳುನಾಡಿನಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. 2011ರಲ್ಲಿ ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ ದಿ ಬಿಯರ್ ಕ್ಲಬ್ ಶುರುವಾಯಿತು. ಅದೇ ಸುಮಾರಿಗೆ ಇಂದಿರಾನಗರದ ಟಾಯ್ಟ್, ಆಮೇಲೆ ಆರ್ಬರ್, ಹೀಗೆ ಊರು ಬ್ರೂವರಿಗಳ ಊರೆನಿಸಿಕೊಂಡಿತು. ಇವರು ಅವರ ಬಾಯಿಂದ ಕಿತ್ತುಕೊಂಡರು ಎಂದು ನಾನು ಹೇಳುತ್ತಿಲ್ಲ. ಅದು ಸುಳ್ಳು ಲೆಕ್ಕವಾಗುತ್ತದೆ. ನಾನು ಹೇಳುವುದು ಇಷ್ಟೆ: ಏಳು ವರ್ಷಗಳ ಒಳಗೆ ಒಂದು ಬಗೆಯ ಕುಡಿತ ಅಪರಾಧವಾಯಿತು, ಇನ್ನೊಂದು ಬಗೆಯ ಕುಡಿತ ಸಂಸ್ಕೃತಿಯಾಯಿತು. 2008ರ ಸಾವುಗಳ ಚಿತ್ರ ನಾವು ಪತ್ರಿಕೆಯಲ್ಲಿ ನೋಡಿದ್ದೆವು. ಆಸ್ಪತ್ರೆಯ ನೆಲದ ಮೇಲೆ ಸಾಲು ಮೈಗಳು. ನಮ್ಮವರು ಕುಡಿದದ್ದಕ್ಕೆ ಸಾರ್ವಜನಿಕ ಚಿತ್ರ ಅಂತ ಇರುವುದು ಅಂಥದ್ದು.

4

ಈಗ ‘ಕ್ರಾಫ್ಟ್’ ಎಂಬ ಪದಕ್ಕೆ ಬರೋಣ. ಬ್ರೂವರಿಯ ಪುಟದಲ್ಲಿ ಮತ್ತೆ ಮತ್ತೆ ಬರುವ ಪದ ಅದು. ಕೈಯಿಂದ ಮಾಡಿದ್ದು, ಕಡಿಮೆ ಮಾಡಿದ್ದು, ಅಕ್ಕರೆಯಿಂದ ಮಾಡಿದ್ದು ಎಂಬ ಅರ್ಥಗಳನ್ನು ಅದು ಹೊರುತ್ತದೆ. ಕನ್ನಡದಲ್ಲಿ ಅದಕ್ಕೆ ಹತ್ತಿರದ ಪದ ಕಸುಬು. ಆದರೆ ಕಸುಬು ಅಂದ ಕೂಡಲೇ ನಮ್ಮ ಕಿವಿಗೆ ಅದರ ಹಿಂದೆ ‘ಕುಲ’ ಕೇಳಿಸುತ್ತದೆ. ಕುಲಕಸುಬು! ಚರ್ಮ ಹದ ಮಾಡುವುದು, ತಮಟೆ ಬಿಗಿಯುವುದು, ಮರ ಹತ್ತಿ ಸೇಂದಿ ಇಳಿಸುವುದು, ಬುಟ್ಟಿ ಹೆಣೆಯುವುದು. ಇವೆಲ್ಲವೂ ಕೈಯಿಂದ ಮಾಡಿದ್ದೇ, ಕಡಿಮೆ ಮಾಡಿದ್ದೇ. ತಲೆಮಾರುಗಳ ಜ್ಞಾನ ಬೇಡುವಂಥದ್ದೇ. ಇಳಿಸಿದ ಸೇಂದಿ ಎಷ್ಟು ಹೊತ್ತಿಗೆ ಸಿಹಿ, ಎಷ್ಟು ಹೊತ್ತಿಗೆ ಹುಳಿ ಎಂದು ಬಲ್ಲವನ ನಾಲಗೆಗೂ, ಯೀಸ್ಟು ಬಾಳೆಹಣ್ಣಿನ ವಾಸನೆ ಕೊಟ್ಟಿತೋ ಲವಂಗದ ವಾಸನೆ ಕೊಟ್ಟಿತೋ ಎಂದು ಮೂಸಿ ಹೇಳುವ ಬ್ರೂವರನ ನಾಲಗೆಗೂ ವಿದ್ಯೆಯಲ್ಲಿ ಏನು ಭೇದ? ಒಂದು ಹುಟ್ಟಿನಿಂದ ಬಂತು, ಇಷ್ಟವಿದ್ದರೂ ಇಲ್ಲದಿದ್ದರೂ. ಇನ್ನೊಂದು ಆಯ್ಕೆಯಿಂದ ಬಂತು. ಇಂಜಿನಿಯರ್ ಕೆಲಸ ಬಿಟ್ಟು ಬಿಯರು ಮಾಡಲು ಹೊರಟವನ ಕತೆ ಫೋನಿನಲ್ಲಿ ಸಾಹಸಗಾಥೆ. ಬಿಡಲು ಕೆಲಸವೇ ಇಲ್ಲದವನು ಮಾಡಿದರೆ ಅದು ಕತೆಯಲ್ಲ, ಜಾತಿ.

ಹಾಗಾದರೆ ಈ ಪಠ್ಯದಲ್ಲಿ ಕೈ ಕಾಣುವುದಿಲ್ಲವೇ? ಕಾಣುತ್ತದೆ. ಅದೇ ಅದರ ಜಾಣತನ. ಮಾಲ್ಟು ಮೂಸುವ ಕೈ, ಲೋಟ ಎತ್ತುವ ಕೈ ಕಾಣುತ್ತವೆ. ಆದರೆ ಬಿಯರು ಮಾಡುವ ಕೆಲಸದ ಬಹುಪಾಲು ತೊಳೆಯುವ ಕೆಲಸ. ಇದನ್ನು ಬ್ರೂವರುಗಳೇ ಹೇಳುತ್ತಾರೆ. ಸಾವಿರ ಲೀಟರು ಬಿಯರಿಗೆ ಸುಮಾರು ಇನ್ನೂರು ಕಿಲೋ ಮಾಲ್ಟು ಬೇಕು. ರಸ ಬಸಿದ ಮೇಲೆ ನೀರುಂಡು ಊದಿದ ಬಿಸಿ ಚರಟವನ್ನು ತೊಟ್ಟಿಯ ಬಾಯಿಂದ ಯಾರೋ ಗೋರಿ ಹಾಕಬೇಕು. ಬೇಗ ಸಾಗಿಸದಿದ್ದರೆ ಹುಳಿತು ನಾರುತ್ತದೆ, ದನದ ಮೇವಿಗೆಂದು ಕೊಂಡೊಯ್ಯುತ್ತಾರೆ. ಕಾಸ್ಟಿಕ್ ಸೋಡಾ ಹಾಕಿ ತೊಟ್ಟಿ, ಕೊಳವೆ ತೊಳೆಯಬೇಕು. ಅಂಗಾರಾಮ್ಲ ತುಂಬಿದ ತೊಟ್ಟಿಗೆ ತಲೆಯಿಟ್ಟರೆ ಉಸಿರು ಕಟ್ಟುತ್ತದೆ. ನಾನು ತಿಂಗಳುಗಟ್ಟಲೆ ಹತ್ತಾರು ಬ್ರೂವರಿಗಳ ಪುಟ ತಿರುವಿದೆ. ನನ್ನ ಕಣ್ಣಿಗೆ ಬಿದ್ದಷ್ಟರಲ್ಲಿ ಈ ಕೆಲಸದ ಕೈಗಳು ಇರಲಿಲ್ಲ. ಟಾಯ್ಟ್‌ನಲ್ಲಿ ಬಾಸ್ಮತಿ ಬ್ಲಾಂಡ್ ಎಂಬ ಬಿಯರಿದೆ. ಅಕ್ಕಿಗೂ ತನ್ನ ಹೆಸರು ಸಿಕ್ಕಿತು. ತೊಳೆದವನಿಗೆ ಸಿಗಲಿಲ್ಲ.

5

ನನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ಹೆಂಡದ ಮೇಲೆ ಕನ್ನಡದಲ್ಲಿ ಯಾರು ಬರೆದರು? ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯ ಇದ್ದಾನೆ. ಹೆಂಡ ಮಾರುವುದನ್ನೇ ಕಾಯಕ ಮಾಡಿಕೊಂಡು, ಆ ಕಾಯಕದ ಪದಗಳಲ್ಲೇ ಶಿವನ ಮಾತಾಡಿದವನು. ಕಸುಬು ಅವನಲ್ಲಿ ನಾಚಿಕೆಯಾಗಲಿಲ್ಲ, ಭಾಷೆಯಾಯಿತು. ಆದರೆ ನಮ್ಮ ಪಠ್ಯಪುಸ್ತಕಗಳು ಅವನನ್ನು ಬಸವಣ್ಣನ ಹಿಂದೆ ನಿಲ್ಲಿಸಿ ಮರೆತವು.

ಹೊಸಗನ್ನಡದಲ್ಲಿ ಇಬ್ಬರು ಕುಡುಕರು ದೊಡ್ಡವರು. ಒಬ್ಬ ಶಿವರಾಮ ಕಾರಂತರ ಚೋಮ, ಇನ್ನೊಬ್ಬ ಜಿ. ಪಿ. ರಾಜರತ್ನಂ ಅವರ ಎಂಡ್ಕುಡ್ಕ ರತ್ನ. ಇಬ್ಬರೂ ಮೂವತ್ತರ ದಶಕದ ಆಸುಪಾಸಿನವರು, ಇಬ್ಬರನ್ನೂ ಬರೆದವರು ಮೇಲುಜಾತಿಯವರು. ಚೋಮನಿಗೆ ಬೇಕಾದದ್ದು ಉಳಲು ತುಂಡು ಭೂಮಿ. ಅದು ಸಿಗದೆ ದುಡಿ ಮತ್ತು ಕಳ್ಳು ಉಳಿದವು. ಅವನ ಕಳ್ಳನ್ನು ಓದುಗ ಮರುಕದಿಂದ ನೋಡುತ್ತಾನೆ. ರತ್ನನದು ಬೇರೆ. ಅವನಿಗೆ ಹೆಂಡವೂ ಪುಟ್ನಂಜಿಯೂ ಕನ್ನಡವೂ ಒಂದೇ ಖುಷಿ. ಕನ್ನಡ ಮೇಷ್ಟರೊಬ್ಬರು ಕೆಳಗಿನವರ ಆಡುಮಾತನ್ನು ತೊಟ್ಟುಕೊಂಡು ಹಾಡಿದಾಗ ನಾಡು ತಲೆದೂಗಿತು. ನಾನೂ ತಲೆದೂಗಿದವನೇ. ಆ ಪದಗಳ ಶಕ್ತಿಯನ್ನು ಅಲ್ಲಗಳೆಯಲಾರೆ. ಆದರೆ ಗಮನಿಸಬೇಕಾದ್ದು ಇದು: ಅದೇ ಮಾತು ನಮ್ಮಪ್ಪನ ಬಾಯಲ್ಲಿ ಬಂದಾಗ ಅದಕ್ಕೆ ಯಾರೂ ತಲೆದೂಗಲಿಲ್ಲ.

ಇಂದಿನ ಇನ್‌ಸ್ಟಾಗ್ರಾಂ ಸಾಲು ರತ್ನನ ಮೊಮ್ಮಗ. ‘ಸೊಗಡು ಬೇಕು, ಹೆಂಡ ಬ್ಯಾಡ’ ಎಂಬುದರ ಅರ್ಥ ಇದೇ. ಮಾತು ಬೇಕು, ಮಾತಾಡುವ ಬಾಯಿ ಬೇಡ. ಒಂದು ವ್ಯತ್ಯಾಸ ಮಾತ್ರ ಇದೆ, ಅದು ಸಣ್ಣದಲ್ಲ. ಮೇಷ್ಟರು ಆಗ ಆ ಮಾತನ್ನು ಹೊರಗಿನಿಂದ ತೊಟ್ಟುಕೊಂಡರು. ಈಗ ಆ ಮಾತಿನ ಮಕ್ಕಳೇ ಸಂಬಳಕ್ಕೆ ಕೂತು ಅದನ್ನು ಹೊಲಿದು ಕೊಡುತ್ತಿದ್ದಾರೆ. ರತ್ನನನ್ನು ಓದುವಾಗ ಕವಿಯ ಹೆಸರಾದರೂ ಗೊತ್ತಿತ್ತು. ಈ ಸಾಲುಗಳ ಕೆಳಗೆ ಬ್ರೂವರಿಯ ಹೆಸರಿರುತ್ತದೆಯೇ ಹೊರತು ಬರೆದವನ ಹೆಸರಿರುವುದಿಲ್ಲ.

6

ಇಲ್ಲಿಯತನಕ ನಾನು ಹೊರಗೆ ನಿಂತವನ ಹಾಗೆ ಮಾತಾಡಿದೆ. ನಾನು ಹೊರಗಿನವನಲ್ಲ. ಅತಿಥಿ ಉಪನ್ಯಾಸಕನಾದ ಮೊದಲ ವರ್ಷ ಎಂ.ಎ. ಗೆಳೆಯರ ಜೊತೆ ಬೆಂಗಳೂರಿನ ಒಂದು ಬ್ರೂವರಿಗೆ ಹೋಗಿದ್ದೆ. ಒಂದೇ ಮರದ ಹಲಗೆಯಲ್ಲಿ ಆರು ಪುಟ್ಟ ಲೋಟ, ಆರು ಬಣ್ಣದ ಬಿಯರು ತಂದಿಟ್ಟರು. ನಮ್ಮೂರ ಹೋಟೆಲಿನಲ್ಲಿ ನಮಗೆಂದೇ ಬೇರೆ ಲೋಟ ಇಟ್ಟಿದ್ದನ್ನು ಅಪ್ಪ ಹೇಳುತ್ತಿದ್ದರು. ಇಲ್ಲಿ ಬಿಯರಿಗೊಂದು ಬೇರೆ ಲೋಟ, ಕುಡಿಯುವವನಿಗಲ್ಲ. ಆ ಹೊತ್ತು ನಾನು ಹಗುರಾದೆ. ಸುಳ್ಳು ಹೇಳುವುದಿಲ್ಲ. ಲೋಟ ಎತ್ತಿ ಚಿತ್ರ ತೆಗೆಸಿಕೊಂಡು ಪುಟಕ್ಕೆ ಹಾಕಿದೆ. ಗೋಡೆ ಕಡೆ ತಿರುಗದೆ ಕುಡಿದ ಮೊದಲನೆಯವನು ನಮ್ಮ ಮನೆಯಲ್ಲಿ ನಾನೇ ಅನ್ನಿಸಿತು.

ಬೆಳಿಗ್ಗೆ ಚಿಕ್ಕಪ್ಪನ ಮಗನ ಫೋನು ಬಂತು. ‘ಅಣ್ಣ, ಅದನ್ನ ತೆಗೀರಿ. ದೊಡ್ಡವ್ವ ನೋಡುದ್ರು. ಏನೂ ಅನ್ನಲಿಲ್ಲ, ಊಟ ಬುಟ್ಬುಟ್ರು’ ಅಂದ. ತೆಗೆದೆ. ಅಷ್ಟರಲ್ಲಿ ಅದು ಸ್ಟಾಫ್‌ರೂಮು ತಲುಪಿತ್ತು. ‘ನಿಮ್ಮ ಕಡೆಯವರಿಗೆ ಇದೇನು ಹೊಸದಲ್ಲ ಬಿಡಿ ಮೇಷ್ಟ್ರೇ’ ಎಂದು ಸಹೋದ್ಯೋಗಿಯೊಬ್ಬರು ನಗುನಗುತ್ತಲೇ ಅಂದರು. ಅದೇ ಮೇಜಿನಲ್ಲಿ ಕೂತು ಅದೇ ಬಿಯರು ಕುಡಿದ ನನ್ನ ಗೆಳೆಯನ ಚಿತ್ರ ಅವನ ಪುಟದಲ್ಲಿ ಇವತ್ತಿಗೂ ಇದೆ. ಅವನ ಕುಡಿತ ಅವನದು, ನನ್ನ ಕುಡಿತ ಕೇರಿಯದು.

ಈ ಇಕ್ಕಟ್ಟಿನಲ್ಲಿ ನಾನು ಅಂಬೇಡ್ಕರರ ಬಳಿಗೆ ಹೋದೆ. ಅಲ್ಲಿ ಎರಡು ಮಾತು ಸಿಕ್ಕವು. 1951ರಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟದ ಚುನಾವಣಾ ಪ್ರಣಾಳಿಕೆ ಪಾನನಿರೋಧವನ್ನು ವಿರೋಧಿಸಿತು. ಸರ್ಕಾರ ಆ ಆದಾಯ ಕಳೆದುಕೊಳ್ಳುವುದು ದಂಡ ಎಂಬುದು ಅದರ ನಿಲುವು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೋಧಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಮದ್ಯ ಕುಡಿಯುವುದಿಲ್ಲ ಎಂಬುದೂ ಒಂದು. ಮೇಲುನೋಟಕ್ಕೆ ಇವು ಎದುರುಬದುರು. ನನ್ನ ಗ್ರಹಿಕೆಯಲ್ಲಿ ಹಾಗಲ್ಲ. ನಿನ್ನ ಲೋಟವನ್ನು ಪ್ರಭುತ್ವ ಕಿತ್ತುಕೊಳ್ಳಬಾರದು, ನೀನೇ ಕೆಳಗಿಡಬೇಕು. ಬಿಡುವುದೂ ಘನತೆಯ ಕೆಲಸ, ಅದನ್ನು ಬಿಡುವವನೇ ಮಾಡಬೇಕು. ಅವ್ವ ಊಟ ಬಿಟ್ಟದ್ದು ಎರಡನೆಯ ಮಾತಿನ ಕಡೆಯಿಂದ. ನಾನು ಚಿತ್ರ ಹಾಕಿದ್ದು ಮೊದಲನೆಯದರ ಕಡೆಯಿಂದ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ನಾನು ಹಾಕಿದ್ದು ಘನತೆಗಲ್ಲ, ಬ್ರೂವರಿಯ ಪ್ರಚಾರಕ್ಕೆ ಎಂದು ಗೊತ್ತಾಗಲು ವರ್ಷಗಳು ಹಿಡಿದವು. ಮಾರನೆಯ ವಾರ ಅವರು ತಮ್ಮ ಪುಟದಲ್ಲಿ ಮೆರೆಸಿದ್ದು ಗೆಳೆಯನ ಚಿತ್ರವನ್ನು.

7

ಫೋನೆಂದರೆ ಬರೀ ಯಜಮಾನಿಕೆಯ ಸಲಕರಣೆ ಎಂದರೆ ಅದೂ ಪೂರ್ತಿ ನಿಜವಲ್ಲ. ಕ್ರಾಫ್ಟ್ ಬಿಯರು ನಮಗಿಂತ ಮೊದಲು ಬೆಳೆದ ಅಮೆರಿಕದಲ್ಲಿ ಅದು ಬಹುಮಟ್ಟಿಗೆ ಬಿಳಿಯ ಗಂಡಸರ ಲೋಕ. ಬ್ರೂಕ್ಲಿನ್ ಬ್ರೂವರಿಯ ಗ್ಯಾರೆಟ್ ಆಲಿವರ್ ಅವರಂಥ ಕಪ್ಪು ಬ್ರೂವರುಗಳು ಬೆರಳೆಣಿಕೆಯವರು. 2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯಾದ ಮೇಲೆ, ಸ್ಯಾನ್ ಆಂಟೋನಿಯೋದ ವೆದರ್ಡ್ ಸೋಲ್ಸ್ ಬ್ರೂವರಿಯ ಮಾರ್ಕಸ್ ಬ್ಯಾಸ್ಕರ್‌ವಿಲ್ ಎಂಬ ಕಪ್ಪು ಬ್ರೂವರ್ ‘ಬ್ಲ್ಯಾಕ್ ಈಸ್ ಬ್ಯೂಟಿಫುಲ್’ ಎಂಬ ಕಪ್ಪು ಬಿಯರು ಮಾಡಿ, ಅದರ ಪಾಕವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ನೀವೂ ಮಾಡಿ, ಬಂದ ದುಡ್ಡನ್ನು ಪೊಲೀಸ್ ಸುಧಾರಣೆಗೆ, ಅನ್ಯಾಯಕ್ಕೊಳಗಾದವರ ಕಾನೂನು ನೆರವಿಗೆ ಕೊಡಿ ಎಂದು ಕರೆಕೊಟ್ಟರು. ಸಾವಿರಕ್ಕೂ ಹೆಚ್ಚು ಬ್ರೂವರಿಗಳು ಕೈಜೋಡಿಸಿದವು. ಅದೇ ವರ್ಷ ಆಲಿವರ್ ಕಪ್ಪು ಜನರಿಗೆ, ಇತರ ಬಿಳಿಯರಲ್ಲದವರಿಗೆ ಈ ಕಸುಬಿನ ಶಿಕ್ಷಣ ಕೊಡಿಸಲು ಪ್ರತಿಷ್ಠಾನವೊಂದನ್ನು ಕಟ್ಟಿದರು. 2021ರ ಮೇನಲ್ಲಿ ಬ್ರಿಯೆನ್ ಆಲನ್ ಎಂಬ ಬ್ರೂವರ್ ತಮ್ಮ ಇನ್‌ಸ್ಟಾಗ್ರಾಂ ಪುಟದಲ್ಲಿ, ಈ ಉದ್ಯಮದ ಹೆಂಗಸರು ಎದುರಿಸಿದ್ದೇನು ಎಂಬ ಒಂದು ಪ್ರಶ್ನೆ ಕೇಳಿದರು. ಬಂದ ಉತ್ತರಗಳ ಹೊಳೆಗೆ ದೊಡ್ಡ ದೊಡ್ಡವರು ಕುರ್ಚಿ ಬಿಡಬೇಕಾಯಿತು. ಬಿಯರನ್ನು ಚಂದ ಕಾಣಿಸಿದ ಕಿಟಕಿಯಿಂದಲೇ ಒಳಗಿನ ಹೊಲಸೂ ಕಂಡಿತು.

1972ರಲ್ಲಿ ಬಾಂಬೆಯ ನಮ್ಮ ಹಿರಿಯರು ಕಪ್ಪು ಪ್ಯಾಂಥರರ ಹೆಸರನ್ನೇ ಎತ್ತಿಕೊಂಡರು. ಆ ಲೋಕದಿಂದ ಈಗ ನಾವು ಕಲಿಯಬೇಕಾದ್ದು ಈ ಪ್ರಶ್ನೆ: ಚಿತ್ರದಲ್ಲಿ ನಮಗೂ ಜಾಗ ಕೊಡಿ ಎನ್ನುವುದೋ, ಚಿತ್ರ ತೆಗೆಯುವ ಕೈಯನ್ನೇ ಬದಲಿಸುವುದೋ? ಆ ಪಾಕ ಬಿಟ್ಟುಕೊಟ್ಟದ್ದು ಎರಡನೆಯದು.

8

ಕಡೆಯದಾಗಿ ನನ್ನ ವಿದ್ಯಾರ್ಥಿಯ ಮಾತು. ಈ ವರ್ಷ ಬೇಸಗೆಯಲ್ಲಿ ಅವನು ಮತ್ತೆ ಫೋನು ಮಾಡಿದ. ಚರಟ ಗೋರುವ ಮೂವರನ್ನು ಕೆಲಸದ ನಡುವೆ ಚಿತ್ರ ತೆಗೆದು, ಅವನೇ ಒಂದು ಸಾಲು ಬರೆದು ಮೇಲಿನವರಿಗೆ ಕಳಿಸಿದ್ದನಂತೆ. ಚಿತ್ರ ಚೆನ್ನಾಗಿದೆ, ಆದರೆ ಮೂಡು ಕೆಡುತ್ತದೆ ಎಂದು ಬೇಡವೆಂದರಂತೆ. ನಾನು ಸಿಟ್ಟಾಗಿ, ‘ನಿನ್ನ ಪುಟದಲ್ಲೇ ಹಾಕು’ ಅಂದೆ. ‘ಅದನ್ನೂ ಕೇಳ್ದೆ ಸಾರ್. ಆ ಮೂರ್ ಜನದಾಗೆ ದೊಡ್ಡೋರು ಬ್ಯಾಡ ಕಣಪ್ಪ ಅಂದ್ಬುಟ್ರು. ಮನೇಲಿ ಹೋಟೆಲ್ ಕೆಲ್ಸ ಅಂತ ಹೇಳವ್ರಂತೆ. ಹೆಂಡದ ಕಾರ್ಖಾನೆ ಅಂತ ಗೊತ್ತಾದ್ರೆ ಮಗಳ ಮದ್ವೆಗೆ ತೊಂದ್ರೆ ಆಯ್ತದಂತೆ’ ಅಂದ.

ನನ್ನ ಸಿದ್ಧಾಂತ ಅಲ್ಲಿಗೆ ಮುಗ್ಗರಿಸಿತು. ಮಾಲೀಕ ಬೇಡವೆಂದದ್ದು ಮೂಡಿಗೆ, ಆ ಹಿರಿಯರು ಬೇಡವೆಂದದ್ದು ಮಾನಕ್ಕೆ. ಎರಡೂ ಬೇಡಗಳು ಸೇರಿ ಆ ಕೈಗಳು ಕಾಣದೆ ಹೋದವು. ನಾನು ಚಿತ್ರ ತೆಗೆದುಹಾಕಿದ್ದಕ್ಕೂ ಅವರು ಬೇಡವೆಂದದ್ದಕ್ಕೂ ನಡುವೆ ಇರುವುದು ಒಂದು ಎಂ.ಎ. ಪದವಿ ಮಾತ್ರ.

‘ಕೆಲ್ಸ ಬುಟ್ಬುಡ್ಲಾ ಸಾರ್?’ ಎಂದು ಅವನು ಕೇಳಿದ. ಬಿಡು ಎನ್ನುವ ನೈತಿಕತೆ ನನಗಿಲ್ಲ. ಅವನ ಸಂಬಳದಿಂದ ತಂಗಿ ಬಿ.ಎಡ್. ಓದುತ್ತಿದ್ದಾಳೆ. ನಾನು ಹೇಳಿದ್ದು ಇಷ್ಟು: ‘ಆ ಚಿತ್ರ ಅಳಿಸಬೇಡ. ಯಾರಿಗೂ ತೋರಿಸಲೂ ಬೇಡ. ಆ ಹಿರಿಯರು ಹ್ಞೂಂ ಅನ್ನೋವರೆಗೂ ಇಟ್ಕೊ. ನೀನು ಬರೆದ ಸಾಲಿನ ಕೆಳಗೆ ನಿನ್ನ ಹೆಸರು ಬರ್ದು ಇಟ್ಕೊ.’

ದಲಿತ ವಿಮರ್ಶೆ ಇಂಥ ಪಠ್ಯಗಳ ಮುಂದೆ ಮಾಡಬೇಕಾದ ಕೆಲಸವೂ ಸದ್ಯಕ್ಕೆ ಇದೇ ಇರಬಹುದು. ಕಂಡ ಚಿತ್ರವನ್ನು ಬೈಯುವುದು ಸುಲಭ, ಹೊಗಳುವುದು ಇನ್ನೂ ಸುಲಭ. ಕಾಣದೆ ಹೋದ ಚಿತ್ರ ಯಾವ ಎರಡು ಬೇಡಗಳ ನಡುವೆ ಸಿಕ್ಕಿಕೊಂಡಿದೆ ಎಂದು ಹುಡುಕುವುದು ಕಷ್ಟ. ಮಾಲೀಕನ ಬೇಡಕ್ಕೆ ಉತ್ತರ ನಮ್ಮಲ್ಲಿದೆ. ಆ ಹಿರಿಯರ ಬೇಡಕ್ಕೆ ನನ್ನಲ್ಲಿ ಉತ್ತರವಿಲ್ಲ. ಇರುವವರು ಈ ಪತ್ರಿಕೆಗೆ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.